ಸೂಜಿಯಕ್ಕ ಹೊಯ್ದ ನೀರು

ಅಕ್ಕನ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಒಂದು ಗುಂಡನೆಯ ಕುಳಿ ಇತ್ತು. ಕಡಲೆಕಾಳು ಇಟ್ಟರೆ ಉರುಳದೆ ಕೂರುವಷ್ಟು. ಗಾಜಿನ ಸಿರಿಂಜಿನ ಹಿಂಬದಿಯನ್ನು ಒತ್ತಿ ಒತ್ತಿ ಬಿದ್ದ ಕುಳಿ ಅದು. ಅಲ್ಲಿನ ಚರ್ಮ ದಡ್ಡುಗಟ್ಟಿ ಹೊಳೆಯುತ್ತಿತ್ತು. ನನ್ನ ಮಗ, ಅಂದರೆ ನಿಮ್ಮ ಅಪ್ಪ, ಚಿಕ್ಕವನಿದ್ದಾಗ ಅದರೊಳಗೆ ತನ್ನ ಕಿರುಬೆರಳು ಇಟ್ಟು ಆಡುತ್ತಿದ್ದ. “ಇದು ನನ್ನ ಸರ್ಕಾರಿ ಮೊಹರು ಕಣಪ್ಪ. ಆರ್ಡರ್ ಕೊಡಲಿಲ್ಲ, ಮೊಹರು ಮಾತ್ರ ಒತ್ತಿ ಕಳಿಸಿದ್ರು,” ಎಂದು ಅಕ್ಕ ನಗುತ್ತಿದ್ದಳು.

ಕೊರೋನಾ ಬಂದಾಗ ಕೆಲವು ತಿಂಗಳ ಮಟ್ಟಿಗೆ ನರ್ಸುಗಳು ಬೇಕಾಗಿದ್ದಾರೆ ಎಂದು ಟಿ.ವಿ.ಯಲ್ಲಿ ಹೇಳುತ್ತಿದ್ದರು. “ರೋಗ ಹೋದ ಮೇಲೆ ಅವರು ಏನಾಗ್ತಾರೆ ಅಜ್ಜಿ?” ಎಂದು ನೀವು ಕೇಳಿದಿರಿ. ನಾನು ಎದ್ದು ಒಳಗೆ ಹೋದೆ. ನನಗೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ, ನಿಮಗೇ ಗೊತ್ತು. ಬರೆದರೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ನನಗೆ ಒಡಹುಟ್ಟಿದವಳಲ್ಲ. ಜಗಳೂರು ಕಡೆಯ ಒಂದು ಹಳ್ಳಿಯವಳು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತು, ಅವಳ ಅಪ್ಪ ತಂದು ಹಾಕಿದ್ದು. ಸಿಡುಬಿನ ಕಾಲದಲ್ಲಿ ದಾಕು, ಅಂದರೆ ಲಸಿಕೆ, ಹಾಕುವವರ ಜೊತೆ ಓಡಾಡಿ ಕೆಲಸ ಕಲಿತಿದ್ದಳು. “ಸಿಡುಬು ಹೋಯ್ತು ಅಂತ ದೇಶಕ್ಕೆಲ್ಲ ಸಂತೋಷ. ನನ್ನ ಕೆಲಸಾನೂ ಅದರ ಜೊತೆಗೇ ಹೋಯ್ತು ನೋಡೇ,” ಅನ್ನುತ್ತಿದ್ದಳು. ಆಮೇಲೆ ಬೇಸಿಗೆಗೊಮ್ಮೆ ವಾಂತಿಭೇದಿ ಶುರುವಾಯಿತು. ಕೆರೆ ತಳ ಕಂಡಾಗ, ಹೊಳೆ ಬತ್ತಿ ಮಡು ಮಡುವಾದಾಗ, ಯಾವುದೋ ಒಂದು ಹಳ್ಳಿಯಿಂದ ಸುದ್ದಿ ಬರುತ್ತಿತ್ತು. ಸುದ್ದಿಯ ಹಿಂದೆಯೇ ಹಂಗಾಮಿ ಕೆಲಸ ಬರುತ್ತಿತ್ತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲ ಕಡೆಯಿಂದಲೂ ಜನ ಆ ಕೆಲಸ ಕೇಳಿಕೊಂಡು ಮೊದಲ ಬಸ್ಸಿಗೆ ಬಂದು ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು. ಯಾವ ಊರಿನ ಆಸ್ಪತ್ರೆ ಎಂದು ಬರೆಯುವುದಿಲ್ಲ. ಅವನ ಮಕ್ಕಳು ಈಗಲೂ ಅದೇ ಊರಿನಲ್ಲಿದ್ದಾರೆ.

ಅವನು ಎಂದರೆ ನಮ್ಮನ್ನು ಆರಿಸಿ ತೆಗೆದುಕೊಳ್ಳುತ್ತಿದ್ದ ಹೆಲ್ತ್ ಇನ್‌ಸ್ಪೆಕ್ಟರು. ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಎದುರಿಗೆ ಇದ್ದಷ್ಟು ವರ್ಷವೂ ತಲೆ ತಗ್ಗಿಸಿ ‘ರೀ’ ಎಂದೇ ಮಾತಾಡಿಸಿದ್ದೇನೆ. ಬರೆಯುವಾಗಲಾದರೂ ಅವನಿಗೆ ಏಕವಚನ ಇರಲಿ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಾನು ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡು ನ್ಯಾಮತಿಯಿಂದ ಆ ಮರದ ಕೆಳಗೆ ಹೋಗಿ ನಿಂತೆ. ಏಳನೇ ತರಗತಿ ಓದಿದವಳು, ಬರೆಯಲು ಬರುತ್ತದೆ, ಅಷ್ಟೇ. ಸಾಹೇಬ ಹೆಸರು ಕೇಳಿದ. ನನ್ನ ಗಂಟಲಿನಿಂದ ಗಾಳಿ ಮಾತ್ರ ಹೊರಟಿತು. ಅವನು ಮುಂದಿನವರನ್ನು ಕರೆದ. ಆಗ ಪಕ್ಕದಲ್ಲಿದ್ದ ಎತ್ತರದ ಹೆಂಗಸು ನನ್ನ ಬೆನ್ನಿಗೆ ಗುದ್ದಿದಳು.

“ಹೆಸರು ಹೇಳೇ! ಬಾಯಿಗೆ ಹೊಲಿಗೆ ಹಾಕ್ಕೊಂಡು ಬಂದೀಯೇನು? ಸಾಹೇಬ್ರೇ, ಇವಳು ನನ್ನ ಜೊತೆಗೆ ಇರ್ತಾಳೆ. ಮಾತು ನಾನು ಆಡ್ತೀನಿ, ಬರೆಯಾಕೆ ಇವಳು.”

ಹಾಗೆ ನನಗೆ ಅಕ್ಕ ಸಿಕ್ಕಳು, ಕೆಲಸವೂ ಸಿಕ್ಕಿತು. ಒಂದು ಬಿಳಿ ಸೀರೆ ಕೊಟ್ಟರು. ರೋಗ ನಿಂತ ಮೇಲೆ ಒಗೆದು ವಾಪಸು ಕೊಡಬೇಕು.

ಅಕ್ಕ ಸೂಜಿ ಚುಚ್ಚುವುದನ್ನು ನೋಡಲು ಜನ ಸೇರುತ್ತಿದ್ದರು. ಮಕ್ಕಳನ್ನು “ನಿಮ್ಮ ಮನೆ ಎಮ್ಮೆ ಹಾಯ್ತದೇನೋ?” ಎಂದು ಕೇಳುವಳು. ಮಗು ಹೌದೋ ಅಲ್ಲವೋ ಎಂದು ಯೋಚಿಸುವುದರೊಳಗೆ ಕೆಲಸ ಮುಗಿದಿರುತ್ತಿತ್ತು. ದೊಡ್ಡವರಿಗೆ ಬೇರೆ ಮಾತು. “ಗೌಡ್ರೇ, ಮೀಸೆ ನೋಡಿದ್ರೆ ಹುಲಿ ಹಂಗೈತೆ, ತೋಳು ಯಾಕೆ ಇಲಿ ಹಂಗೆ ನಡುಗ್ತೈತೆ?” ಊರೂರಲ್ಲಿ ಅವಳನ್ನು ಸೂಜಿಯಕ್ಕ ಅಂದರು. ಕೈಗುಣ ಇದ್ದವಳು ಅಂದರು. ಬೇರೆಯವರು ಹೋದರೆ, “ಆಯಮ್ಮ ಬರಲಿ, ಆಗ ಹಾಕಿಸ್ಕೊಂತೀವಿ” ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅದೇ ಜನ ಅವಳನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಒಳಗೆ ನಿಂತು ತೋಳನ್ನು ಮಾತ್ರ ಹೊರಗೆ ಚಾಚುತ್ತಿದ್ದರು. ದಾರಿಯಲ್ಲಿ ಅಕ್ಕ ಹೇಳುತ್ತಿದ್ದಳು, “ತೋಳು ಕೊಡಾಕೆ ಮೈಲಿಗೆ ಇಲ್ಲ, ನೀರು ಕೊಡಾಕೆ ಮೈಲಿಗೆ. ಎಂಥ ಮೈಲಿಗೆನೋ ಮಾರಾಯ್ತಿ, ಸೂಜಿ ಕಂಡ್ರೆ ಹೆದರಿ ಓಡಿ ಹೋಗ್ತೈತೆ.”

ಹಳ್ಳಿಯವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸಿಟ್ಟು ಸಾಹೇಬನ ಮೇಲೆ. ಆಸ್ಪತ್ರೆಯ ಪಡಸಾಲೆಯಲ್ಲಿ ನೀರಿನ ಹರವಿ ಇತ್ತು, ಪಕ್ಕದಲ್ಲಿ ಲೋಟ. ಅಕ್ಕ ಬಂದರೆ ಜವಾನ ಲೋಟ ಎತ್ತಿಟ್ಟು, ಚೊಂಬಿನಿಂದ ಮೇಲಿನಿಂದ ಹೊಯ್ಯಬೇಕು, ಅವಳು ಬಗ್ಗಿ ಬೊಗಸೆಯಲ್ಲಿ ಕುಡಿಯಬೇಕು. “ಸಾಂಕ್ರಾಮಿಕ ರೋಗ. ಲೋಟ ಎಂಜಲಾದ್ರೆ ಹರಡ್ತದೆ. ಹಂಗಾಮಿಯೋರಿಗೆಲ್ಲ ಇದೇ ರೂಲ್ಸು,” ಎಂದು ಸಾಹೇಬ ಹೇಳುತ್ತಿದ್ದ. ನಾನೂ ಹಂಗಾಮಿಯವಳೇ. ನನಗೆ ಜವಾನ ಲೋಟವನ್ನೇ ಕೊಟ್ಟ. ರೂಲ್ಸು ಯಾರಿಗೆ ಎಂದು ಆಗಲೇ ತಿಳಿಯಿತು. ನಾನು ಲೋಟ ಕೆಳಗಿಟ್ಟು ಅಕ್ಕನ ಪಕ್ಕ ಬೊಗಸೆ ಹಿಡಿದೆ. ಬೇರೇನು ಮಾಡಲು ನನಗೆ ಬರುತ್ತಿತ್ತು?

ರೋಗ ತಗ್ಗಿದ ಕೂಡಲೇ ಸಾಹೇಬ ನಮ್ಮನ್ನು ಸಾಲಾಗಿ ನಿಲ್ಲಿಸಿ ಸೀರೆ ಇಸಿದುಕೊಳ್ಳುತ್ತಿದ್ದ. “ಸದ್ಯಕ್ಕೆ ಬೇಡ. ಬೇಕಾದಾಗ ಹೇಳಿ ಕಳಿಸ್ತೀವಿ.” ಪ್ರತಿ ಬೇಸಿಗೆ ಇದೇ ಮಾತು. ಅಕ್ಕ ಪ್ರತಿ ಸಲವೂ ಒಂದೇ ಕೇಳುತ್ತಿದ್ದಳು: “ಕಾಯಂ ಯಾವಾಗ ಮಾಡ್ತೀರಿ ಸಾಹೇಬ್ರೇ?” ಗಂಡ ಬಿಟ್ಟು ಹೋಗಿದ್ದ, ಕಣ್ಣು ಕಾಣದ ತಾಯಿ ಇದ್ದಳು. ರೋಗ ಬಂದರೆ ಊಟ, ಹೋದರೆ ಉಪವಾಸ ಎನ್ನುವ ಬಾಳು ಅವಳಿಗೆ ಸಾಕಾಗಿತ್ತು. “ಊರಿಗೆ ಕಾಯಿಲೆ ಬರಲಿ ಅಂತ ದಾರಿ ಕಾಯೋ ಹಂಗೆ ಮಾಡಿಟ್ಟಾರಲ್ಲೇ, ಅದಕ್ಕೆ ಹೊಟ್ಟೆ ಉರಿಯೋದು ನನಗೆ,” ಎಂದು ಒಮ್ಮೆ ಬಸ್ಸಿನಲ್ಲಿ ಹೇಳಿದಳು. ಅವಳು ನಗದೆ ಆಡಿದ ಮಾತು ನನಗೆ ನೆನಪಿರುವುದು ಅದೊಂದೇ.

ಕೊನೆಗೂ ಒಂದು ಕಾಯಂ ಜಾಗ ಬಂತು. ದೊಡ್ಡ ಡಾಕ್ಟರು ಸೂಜಿಯಕ್ಕನಿಗೇ ಆಗಲಿ ಅಂದಿದ್ದರಂತೆ. ಆದರೆ ಜಾಗಕ್ಕೆ ಬಂದು ಕೂತವಳು ಸಾಹೇಬನ ಹೆಂಡತಿಯ ತಂಗಿ. ಪಾಪದ ಹುಡುಗಿ, ರಕ್ತ ಕಂಡರೆ ಗೋಡೆ ಹಿಡಿಯುತ್ತಿದ್ದಳು. ಅಕ್ಕ ಪಡಸಾಲೆಗೆ ಹೋಗಿ ಎಲ್ಲರೆದುರು ನಿಂತಳು.

“ಸಾಹೇಬ್ರೇ, ನೀವು ಅಂತೀರಲ್ಲ, ಬೇಕಾದಾಗ ಹೇಳಿ ಕಳಿಸ್ತೀವಿ ಅಂತ. ಒಂದಿನ ನಿಮಗೇ ನಾನು ಬೇಕಾಗ್ತೀನಿ. ಅವತ್ತು ಹೇಳಿ ಕಳಿಸ್ರಿ.”

“ಹೋಗಮ್ಮ, ಹೋಗು,” ಅಂದ ಸಾಹೇಬ. ಜವಾನ ನಕ್ಕ.

ಮರುಬೇಸಿಗೆಯಲ್ಲಿ ಕೆರೆಬಿಳಚಿಯಿಂದ ಆಚೆಗೆ ಒಂದು ಹಳ್ಳಿಯಲ್ಲಿ ವಾಂತಿಭೇದಿ ಎದ್ದಿತು. ಶಾಲೆಯನ್ನೇ ಆಸ್ಪತ್ರೆ ಮಾಡಿದರು. ಅಕ್ಕನಿಗೂ ಹೇಳಿ ಕಳಿಸಿದರು. ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. “ಸಾಯೋರು ಅವನ ನೆಂಟರಲ್ಲವಲ್ಲೇ,” ಅಂದಳು, ಸೆರಗು ಸಿಕ್ಕಿಸಿಕೊಂಡು ಒಲೆ ಹೂಡಿದಳು. ಹಂಡೆಯಲ್ಲಿ ನೀರು ಕುದಿಸಿ, ಆರಿಸಿ, ಉಪ್ಪು ಸಕ್ಕರೆ ಕಲಸಿ ಕೊಡುವುದು ಅವಳ ಕೆಲಸವಾಯಿತು. ಊರಿನ ಬಾವಿಯ ನೀರನ್ನು ಯಾರೂ ಹಸಿಯಾಗಿ ಕುಡಿಯಬಾರದು ಎಂದು ಡಂಗುರ ಹೊಡೆಸಿದವನು ಸಾಹೇಬನೇ.

ಆ ಹಳ್ಳಿಯಲ್ಲಿ ಕುದಿಸಿದ ನೀರು ಇದ್ದದ್ದು ಅಕ್ಕನ ಹಂಡೆಯಲ್ಲಿ ಮಾತ್ರ. ನಾವೆಲ್ಲ ಅದನ್ನೇ ಕುಡಿದೆವು. ದೊಡ್ಡ ಡಾಕ್ಟರೂ ಕುಡಿದರು. ಸಾಹೇಬ ಕುಡಿಯಲಿಲ್ಲ. ಬಾಯಾರಿದಾಗಲೆಲ್ಲ ಪಟೇಲರ ಮನೆಗೆ ಹೋಗಿ, ಫಳಫಳ ತಿಕ್ಕಿದ ಹಿತ್ತಾಳೆ ಕೊಡದಿಂದ ತಣ್ಣಗೆ ಕುಡಿದು ಬರುತ್ತಿದ್ದ. ಕೊಡ ಫಳಫಳ ಅನ್ನುತ್ತಿತ್ತು. ನೀರು ಅದೇ ಬಾವಿಯದು. ಅಷ್ಟು ತಿಳಿದವನಿಗೆ ಅದು ಹೊಳೆಯಲಿಲ್ಲವೋ, ಹೊಳೆದರೂ ಅಕ್ಕನ ಕೈ ನೀರಿಗಿಂತ ಅದೇ ವಾಸಿ ಅನ್ನಿಸಿತೋ. ಅಕ್ಕ ನೋಡುತ್ತಿದ್ದಳು. ಒಂದು ಸಲ ಎಚ್ಚರಿಸಿದಳು ಕೂಡ: “ಆ ನೀರು ಬೇಡ ಸಾಹೇಬ್ರೇ.” ಅವನು ಕೇಳಿಸಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಅವನು ಶಾಲೆಯ ಜಗಲಿಯ ಮೇಲೆ ಬಿದ್ದ. ಪ್ಯಾಂಟು, ಅಂಗಿ ಎಲ್ಲ ಹಾಳಾಗಿತ್ತು. ಕಣ್ಣು ಒಳಗೆ ಹೋಗಿದ್ದವು. ಸಲೈನ್ ಬಾಟಲಿ ಮುಗಿದಿದ್ದವು, ತರಲು ಡಾಕ್ಟರು ಜೀಪಿನಲ್ಲಿ ಹೋಗಿದ್ದರು. ಅವರು ಬರುವತನಕ ಬಾಯಿಯ ಮೂಲಕ ನೀರು ಒಳಗೆ ಹೋಗಲೇಬೇಕು. ನಾನು ಲೋಟದಲ್ಲಿ ಉಪ್ಪು ಸಕ್ಕರೆ ನೀರು ತುಂಬಿ ಓಡಿದೆ. ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದಳು. ಲೋಟ ಕಿತ್ತು ಗೋಡೆಯ ಬದಿಗೆ ಇಟ್ಟು, ಚೊಂಬು ತೆಗೆದುಕೊಂಡಳು.

ಸಾಹೇಬ ಮುಖ ತಿರುಗಿಸಿದ. “ಬೇರೆ ಯಾರಾದ್ರೂ…”

“ಬೇರೆ ಯಾರೂ ಇಲ್ರೀ. ಕಾಯಂ ಆದೋರು ರಜೆ ಮೇಲೆ ಹೋಗ್ಯಾರೆ. ಹಂಗಾಮಿಯೋರೇ ಇರೋದು.”

“ಲೋಟ… ಲೋಟದಾಗೆ ಕೊಡು.”

“ಲೋಟ ಬೇಡ್ರೀ. ಸಾಂಕ್ರಾಮಿಕ ರೋಗ. ಎಂಜಲಾದ್ರೆ ಹರಡ್ತೈತೆ. ನೀವೇ ಮಾಡಿದ ರೂಲ್ಸು.” ಅಕ್ಕ ಚೊಂಬನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿದಳು. “ಬೊಗಸೆ ಹಿಡೀರಿ ಸಾಹೇಬ್ರೇ.”

ಊರಿನವರು ಅಂಗಳದಲ್ಲಿ ನಿಂತಿದ್ದರು. ಪಟೇಲರೂ ಇದ್ದರು. ಅದೇ ಜವಾನ ಸಾಹೇಬನನ್ನು ಗೋಡೆಗೆ ಒರಗಿಸಿ ಹಿಡಿದಿದ್ದ. ಸಾಹೇಬ ಅಕ್ಕನ ಮುಖ ನೋಡಿದ. ಆಮೇಲೆ ಅವನ ಎರಡು ಕೈಯೂ ಮೇಲೆ ಬಂದವು, ಒಂದಕ್ಕೊಂದು ಸೇರಿದವು. ಅಕ್ಕ ಸಣ್ಣಗೆ ಎಳೆ ಬಿಟ್ಟು ಹೊಯ್ದಳು. ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಅವನು ಕುಡಿದ.

ಸಾಕು ಎಂದಾಗಲೆಲ್ಲ “ಇನ್ನೊಂದು ಬೊಗಸೆ” ಅಂದಳು. ಕಕ್ಕಿದಾಗ ಬಾಯಿ ಒರೆಸಿದಳು, ಬಟ್ಟೆ ಬದಲಿಸಿದಳು, ಮತ್ತೆ ಚೊಂಬು ಎತ್ತಿದಳು. ಜೀಪು ಬರುವತನಕ ಅವಳು ಕೂರಲಿಲ್ಲ. ಔಷಧವನ್ನೂ ಪೂರ್ತಿ ಕೊಟ್ಟಳು, ಸೇಡನ್ನೂ ಪೂರ್ತಿ ತೀರಿಸಿದಳು. ಒಂದರಲ್ಲಿ ಇನ್ನೊಂದನ್ನು ಕಡಿಮೆ ಮಾಡಲಿಲ್ಲ.

ಅಕ್ಕ ದೊಡ್ಡ ಮನಸ್ಸು ಮಾಡಿ ಅವನನ್ನು ಕ್ಷಮಿಸಿದಳು ಎಂದು ನಾನು ಬರೆದರೆ ನಿಮಗೆ ಹಿತವಾಗುತ್ತಿತ್ತೋ ಏನೋ. ಸುಳ್ಳು ಬರೆಯಲಾರೆ. ನಾನು ಪಕ್ಕದಲ್ಲಿ ಚೊಂಬು ತುಂಬಿಸಿ ಕೊಡುತ್ತಿದ್ದೆ. ನನ್ನ ಜೀವನದಲ್ಲಿ ಹೊಟ್ಟೆ ಅಷ್ಟು ತಣ್ಣಗಾದ ದಿನ ಇನ್ನೊಂದಿಲ್ಲ.

ಸಾಹೇಬ ಬದುಕಿದ. ಬದುಕಿದವನು ಮರೆಯಲಿಲ್ಲ. ರೋಗ ನಿಂತ ದಿನ ಅಕ್ಕನ ಕೈಯಿಂದ ಬಿಳಿ ಸೀರೆ ಇಸಿದುಕೊಂಡು, “ನಿನಗೆ ಇನ್ನು ಹೇಳಿ ಕಳಿಸೋದಿಲ್ಲ,” ಅಂದ. ದೊಡ್ಡ ಡಾಕ್ಟರಿಗೂ ಆ ಹೊತ್ತಿಗೆ ವರ್ಗವಾಗಿತ್ತು. ಅಕ್ಕ ಮತ್ತೆ ಆ ಮರದ ಕೆಳಗೆ ನಿಲ್ಲಲಿಲ್ಲ.

ಸ್ವಲ್ಪ ದಿನಕ್ಕೆ ಅವನ ಹೆಂಡತಿಯ ತಂಗಿ ಮದುವೆಯಾಗಿ ಕೆಲಸ ಬಿಟ್ಟಳು. ಸಾಹೇಬ ನನ್ನನ್ನು ಕರೆಸಿದ. “ನೀನು ಬಾಯಿಲ್ಲದೋಳು. ಆ ಜಾಗ ನಿನಗೇ ಕೊಡಿಸ್ತೀನಿ. ಆ ಜಗಳೂರಿನೋಳ ಸಹವಾಸ ಬಿಡಬೇಕು, ಅಷ್ಟೇ.”

ನಾನು ಅಲ್ಲಿಂದ ಹೊರಟವಳು ಸೀದಾ ಜಗಳೂರಿನ ಬಸ್ಸು ಹತ್ತಿದೆ. ಅಕ್ಕ ಯಾರದೋ ಕಣದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಆ ಜಾಗ ನನಗೆ ಬೇಡ, ನಿನ್ನದು ಅದು, ಎಂದು ಅತ್ತೆ. ಅವಳು ಶೇಂಗಾ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಬೇಡ ಅಂದ್ರೆ ಅವನಿಗೆ ಇನ್ನೊಬ್ಳು ನೆಂಟ್ರೋಳು ಸಿಗ್ತಾಳೆ. ತಗೋ. ಮಗನ್ನ ಓದಿಸು. ಆ ಸಾಹೇಬನ ಕಣ್ಣೆದುರಿಗೆ ದಿನಾ ಓಡಾಡು. ಆವತ್ತು ಚೊಂಬು ತುಂಬಿಸಿ ಕೊಟ್ಟೋಳು ನೀನು. ನಿನ್ನ ಮುಖ ಕಂಡಾಗೆಲ್ಲ ಅವನಿಗೆ ಬಾಯಿ ಒಣಗಬೇಕು.”

“ನನಗೆ ಮಾತು ಬರಲ್ಲ ಅಕ್ಕಾ.”

“ಮಾತು ಯಾಕೆ ಬೇಕು? ನೀರು ಕುಡಿಯಾಕೆ ಬರ್ತೈತಲ್ಲ?”

ನಾನು ಆ ಕೆಲಸಕ್ಕೆ ಸೇರಿದೆ. ಸೇರಿದ ದಿನದಿಂದ ಅವನು ನಿವೃತ್ತನಾಗುವ ತನಕ, ಪ್ರತಿ ಬೆಳಿಗ್ಗೆ ಅವನು ಬಂದು ಕುರ್ಚಿಯಲ್ಲಿ ಕೂತ ಮೇಲೆ, ಎದುರಿನ ಹರವಿಯ ಹತ್ತಿರ ಹೋಗುತ್ತಿದ್ದೆ. ಲೋಟ ಪಕ್ಕಕ್ಕೆ ಇಡುತ್ತಿದ್ದೆ. ಜವಾನನಿಗೆ ಚೊಂಬು ಕೊಟ್ಟು, ಬಗ್ಗಿ, ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದೆ. ನಿಧಾನವಾಗಿ. ಜವಾನ ಈಗ ನಗುತ್ತಿರಲಿಲ್ಲ. ಸಾಹೇಬ ಮೊದಮೊದಲು ಸಿಡುಕಿದ, “ಲೋಟ ಐತಲ್ಲಮ್ಮ, ಲೋಟದಾಗೆ ಕುಡಿ” ಅಂದ. ನಾನು ತಲೆ ತಗ್ಗಿಸಿ “ಹೂಂ ರೀ” ಅಂದೆ. ಮರುದಿನ ಮತ್ತೆ ಬೊಗಸೆ ಹಿಡಿದೆ. ಕೊನೆಗೆ ಅವನೇ ಕುರ್ಚಿಯನ್ನು ತಿರುಗಿಸಿ ಹಾಕಿಸಿಕೊಂಡ, ಕಿಟಕಿಯ ಕಡೆಗೆ. ಆದರೆ ನೀರು ಬೀಳುವ ಸದ್ದು ಕೇಳುತ್ತದಲ್ಲ.

ಅವನ ಬೀಳ್ಕೊಡುಗೆಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು. ಅವನು ಭಾಷಣಕ್ಕೆ ಎದ್ದು, ಸೇವೆ ಸೇವೆ ಎಂದು ಹೇಳುತ್ತ ಬಾಯಿ ಒಣಗಿ ನೀರು ಕೇಳಿದ. ಹೊಸ ಡಾಕ್ಟರು ನನ್ನ ಕಡೆ ಕೈಮಾಡಿದರು. ನಾನು ಚೊಂಬು ತೆಗೆದುಕೊಂಡು ವೇದಿಕೆ ಹತ್ತಿದೆ. ಲೋಟ ಒಯ್ಯಲಿಲ್ಲ. ಅವನ ಎದುರು ನಿಂತು ಚೊಂಬನ್ನು ಎದೆಯೆತ್ತರಕ್ಕೆ ಎತ್ತಿದೆ. ಅಷ್ಟು ಜನರ ಮುಂದೆ ನಾನು ತಲೆಯೆತ್ತಿ ನಿಂತದ್ದು ಅದೊಂದೇ ಸಲ. ಅವನ ಕೈಗಳು ತಾವಾಗಿಯೇ ಮೇಲೆ ಬಂದವು. ಎರಡೂ ಸೇರುವುದರಲ್ಲಿದ್ದವು. ತಟ್ಟನೆ ಎಚ್ಚರವಾದವನಂತೆ ಕೆಳಗಿಳಿಸಿದ. ಭಾಷಣ ಅಲ್ಲಿಗೇ ನಿಂತಿತು. ಜನ ಸಾಹೇಬರಿಗೆ ದುಃಖವಾಗಿದೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಮರುದಿನವೇ ಜಗಳೂರಿಗೆ ಹೋದೆ. ಅಕ್ಕ ಹಾಸಿಗೆ ಹಿಡಿದು ಸುಮಾರು ದಿನವಾಗಿತ್ತು. ಎಲ್ಲ ಹೇಳಿದೆ. ಕಣ್ಣು ಮುಚ್ಚಿಯೇ ಕೇಳಿದಳು.

“ಕೈ ಎತ್ತಿದನಾ?”

“ಎತ್ತಿದ ಅಕ್ಕಾ. ಅರ್ಧ.”

“ಅರ್ಧ ಸಾಕು ಬಿಡು,” ಅಂದಳು. ಹೊಟ್ಟೆ ಕುಲುಕುವ ಹಾಗೆ ನಕ್ಕಳು, ನಕ್ಕು ಕೆಮ್ಮಿದಳು. ನಾನು ಗಾಬರಿಯಲ್ಲಿ ಪಕ್ಕದ ಚೊಂಬು ಎತ್ತಿ ಬಾಯಿಗೆ ಹೊಯ್ಯಲು ಹೋದೆ. ಇಷ್ಟು ವರ್ಷದ ರೂಢಿ. ಅವಳು ಕೈ ಅಡ್ಡ ಹಿಡಿದಳು.

“ಲೋಟದಾಗೆ ಕೊಡೇ.”

ತುಂಬಿ ಕೊಟ್ಟೆ. ಕುಳಿ ಬಿದ್ದ ಹೆಬ್ಬೆರಳನ್ನು ಲೋಟದ ಅಂಚಿಗೆ ಒತ್ತಿ ಹಿಡಿದು, ತುಟಿ ಹಚ್ಚಿ, ಎಂಜಲು ಮಾಡಿ ಕುಡಿದಳು. ಉಳಿದ ನೀರನ್ನು ನನಗೆ ಚಾಚಿದಳು. ಅದನ್ನು ನಾನು ಕುಡಿದೆ. ಆ ಬೇಸಿಗೆ ಮುಗಿಯುವುದರೊಳಗೆ ಅಕ್ಕ ಹೋದಳು, ಹಂಗಾಮಿಯಾಗಿಯೇ.

ನಿಮ್ಮ ಅಪ್ಪ ಓದಿದ್ದು, ನೀವು ಕೂತಿರುವ ಈ ಮನೆ, ನನಗೆ ಬರುವ ಪಿಂಚಣಿ, ಎಲ್ಲ ಅವಳ ಜಾಗದಿಂದ ಬಂದದ್ದು. ಅಡುಗೆಮನೆಯ ಗೂಡಿನಲ್ಲಿ ಒಂದು ತಗ್ಗು ಬಿದ್ದ ಲೋಟ ಇದೆಯಲ್ಲ, ಬಿಸಾಡೋಣ ಎಂದು ನೀವು ಕೇಳುತ್ತಿರುತ್ತೀರಿ, ಅದು ಅಕ್ಕನದು. ಬಾಯಾರಿ ಬಂದವರು ಯಾರೇ ಆಗಲಿ, ಅದರಲ್ಲಿ ನೀರು ಕೊಡಿ. ಅವನ ಮನೆಯವರು ಬಂದರೂ ಅದರಲ್ಲೇ ಕೊಡಿ. ಅವರು ಕುಡಿದು ಮುಗಿಸಿದ ಮೇಲೆ, ಅದು ಯಾರ ಲೋಟ ಎಂದು ಹೇಳಿ.