ಎರಡೂ ಕೈಯಲ್ಲಿ ಟೀ ಲೋಟ

1997ರ ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ ಕಾಕ್ಸ್ ಟೌನಿನ ಆಸ್ಪತ್ರೆಯೊಂದರಲ್ಲಿ ನಾನು ಸತ್ತಿದ್ದೇನೆಂದು ಹಿರಿಯ ಸರ್ಜನ್ ಒಬ್ಬರು ತಿಳಿಸಿದರು. ಆಗ ನನ್ನ ಹೊಟ್ಟೆಯ ಮೇಲೆ ಎರಡು ಲೋಟ ಟೀ ಇತ್ತು.

ನಾನಾಗ ಕನ್ನಡ ದಿನಪತ್ರಿಕೆಯೊಂದರಲ್ಲಿ ಅಪರಾಧ ವರದಿಗಾರ. ಸಂಜೆ ಹೊತ್ತು ಕಂಟೋನ್ಮೆಂಟ್ ಕಡೆಯ ಆಸ್ಪತ್ರೆಗಳನ್ನು ಸುತ್ತಿ ಅಪಘಾತಗಳ ವಿವರ ತರುವುದು ಕೆಲಸ. ಆ ಸರ್ಜನ್ ಒಮ್ಮೆ ನನ್ನನ್ನು ತಡೆದು, “ದಿನಾ ಬಂದು ಎಷ್ಟು ಜನ ಹೋದ್ರು ಅಂತ ಕೇಳ್ತೀರಲ್ಲ, ಶನಿವಾರ ಬಂದು ನೀವೇ ಒಂದ್ಸಲ ಮಲಗಿ ನೋಡಿ” ಎಂದರು. ಗಾಯಾಳುಗಳನ್ನು ನೋಡಿಕೊಳ್ಳುವ ಬಗೆಯನ್ನು ಅವರು ಶನಿವಾರಗಳಂದು ಕಿರಿಯ ಸರ್ಜನ್‌ಗಳಿಗೆ ಕಲಿಸುತ್ತಿದ್ದರು. ಪಾಠಕ್ಕೆ ಗೊಂಬೆ ಇರಲಿಲ್ಲ, ಮಲಗಲು ಮನುಷ್ಯ ಬೇಕಿತ್ತು. ನಾನು ಹೋಗಿ ಮಲಗಿದೆ. ಆಮೇಲೆ ಅದು ರೂಢಿಯಾಯಿತು.

ಕಾಲಿಗೆ ರಕ್ತದ ಬದಲು ಗುಲಾಬಿ ಶರಬತ್ತು ಸುರಿಯುತ್ತಿದ್ದರು. “ಇರುವೆ ಬಂದ್ರೆ ನನ್ನ ಕರೀಬೇಡಿ” ಎಂದು ಹಿರಿಯ ನರ್ಸ್ ಪ್ರತಿ ವಾರ ಎಚ್ಚರಿಸುತ್ತಿದ್ದರು. ತಂಡದಲ್ಲಿ ಒಬ್ಬರು ಗಾಯಾಳುವಿನ ತಲೆಯ ಬಳಿ, ಇನ್ನಿಬ್ಬರು ಎರಡು ಪಕ್ಕದಲ್ಲಿ. ತಂಡ ನಡೆಸುವವರು ಕಾಲಿನ ಕಡೆ ನಿಲ್ಲಬೇಕು, ಎಲ್ಲ ನೋಡಬೇಕು, ಹೇಳಬೇಕು, ಮುಟ್ಟಬಾರದು. ಮುಟ್ಟದಿರಲೆಂದು ಅವರ ಎರಡೂ ಕೈಗೆ ಮೂಲೆಯ ಬೇಕರಿಯಿಂದ ತರಿಸಿದ ಟೀ ಲೋಟ, ಅಂಚಿನವರೆಗೆ ತುಂಬಿಸಿ. ಚೆಲ್ಲಿದರೆ ಪಾಠ ಅಲ್ಲಿಗೆ ಮುಗಿಯಿತು.

ಇದು ಸರ್ಜನ್‌ರ ಸ್ವಂತ ಪದ್ಧತಿ. ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಕೈ ಗಾಯದೊಳಗೆ ಹೋದ್ರೆ ಕಣ್ಣೂ ಅದರ ಹಿಂದೇನೇ ಹೋಗ್ಬಿಡುತ್ತೆ. ಆಮೇಲೆ ಪೇಷೆಂಟ್ ಉಸಿರಾಡ್ತಿದಾನಾ ಅಂತ ನೋಡೋರು ಯಾರು?”

ಆ ವರ್ಷದ ತಂಡದಲ್ಲಿ ಎಲ್ಲರಿಗಿಂತ ಒಳ್ಳೆಯ ಕೈ ಹಲಸೂರಿನ ಒಬ್ಬ ಯುವತಿಯದು. ತಾಯಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಮಗಳು ದಾರ ಗಂಟು ಹಾಕುವುದನ್ನು ನೋಡಲು ಬೇರೆ ವಿಭಾಗದವರೂ ಬರುತ್ತಿದ್ದರು. ಆಕೆಗೆ ಬೇಕಾಗಿದ್ದುದು ಒಂದೇ, ತುರ್ತು ವಿಭಾಗದ ಪಾಳಿಯನ್ನು ತಾನೇ ನಡೆಸುವುದು. ಹಿರಿಯರಿಲ್ಲದೆ ಪಾಳಿ ನಡೆಸಲು ಯಾರು ತಯಾರಾಗಿದ್ದಾರೆಂದು ತೀರ್ಮಾನಿಸುವವರು ಆ ಸರ್ಜನ್. ವರ್ಷದ ಕೊನೆಗೆ ಆಕೆಯ ತರಬೇತಿ ಮುಗಿಯುತ್ತಿತ್ತು. ಅಷ್ಟರಲ್ಲಿ ಅವರು ಒಪ್ಪದಿದ್ದರೆ ಆಕೆ ಆಪರೇಷನ್ ಥಿಯೇಟರ್‌ನಲ್ಲಿ ಇನ್ನೊಬ್ಬರ ಸಹಾಯಕಿಯಾಗಿ ಉಳಿಯಬೇಕಿತ್ತು.

ಜುಲೈನ ಆ ಶನಿವಾರ ಸರ್ಜನ್ ನನ್ನ ಕಿವಿಯಲ್ಲಿ, “ಸ್ವಲ್ಪ ಹೊತ್ತು ಮಾತಾಡಿ. ಆಮೇಲೆ ನಿಧಾನಕ್ಕೆ ನಿಲ್ಲಿಸಿ” ಎಂದಿದ್ದರು. ಆಕೆ ಲೋಟ ಹಿಡಿದು ನಿಂತರು. ಹೆಸರು ಕೇಳಿದರು, ಹೇಳಿದೆ. ಎಲ್ಲಿ ನೋವೆಂದು ಕೇಳಿದರು, ಕಾಲೆಂದೆ. ಮೊದಲ ವರ್ಷದ ಹುಡುಗನೊಬ್ಬ ನನ್ನ ಕಾಲಿಗೆ ಬ್ಯಾಂಡೇಜು ಸುತ್ತತೊಡಗಿದ. ಸಡಿಲವಾಗಿತ್ತು, ನನಗೇ ಗೊತ್ತಾಗುತ್ತಿತ್ತು. “ಹಾಗಲ್ಲ ಕಣೋ, ಬಿಗಿ ಮಾಡು” ಎಂದರು. ಮತ್ತೊಮ್ಮೆ ಹೇಳಿದರು. ಅಷ್ಟು ಹೊತ್ತಿಗೆ ನಾನು ಮಾತು ನಿಲ್ಲಿಸಿದ್ದೆ. ಆಕೆ ಎರಡೂ ಲೋಟಗಳನ್ನು ಒಂದು ಹನಿಯೂ ಚೆಲ್ಲದಂತೆ ನನ್ನ ಹೊಟ್ಟೆಯ ಮೇಲಿಟ್ಟು, ಹುಡುಗನನ್ನು ಸರಿಸಿ, ಬ್ಯಾಂಡೇಜನ್ನು ತಾವೇ ಸುತ್ತಿದರು. ಬಹಳ ಚೆನ್ನಾಗಿ ಸುತ್ತಿದರು.

“ಬ್ಯಾಂಡೇಜ್ ಫಸ್ಟ್ ಕ್ಲಾಸ್,” ಎಂದರು ಸರ್ಜನ್. “ಪೇಷೆಂಟ್ ಹೋಗ್ಬಿಟ್ರು.”

ಟೀ ಬಿಸಿಯಾಗಿತ್ತು, ಆದರೆ ಸತ್ತವನು ಅದನ್ನು ಹೇಳುವಂತಿರಲಿಲ್ಲ.

“ಸಾರ್, ಅವನು ತಪ್ಪು ಮಾಡ್ತಿದ್ದ,” ಎಂದರು ಆಕೆ.

“ಮಾಡ್ಲಮ್ಮಾ. ನೀನು ಹೇಳ್ಕೊಡು. ನಾಳೆ ಒಂದೇ ಸಲ ನಾಲ್ಕು ಜನ ಬಂದ್ರೆ ನಿನ್ನ ಕೈ ಎರಡೇ ತಾನೇ?”

ಅದು ಆಕೆಗೆ ಮೊದಲ ಸೋಲಲ್ಲ. ಮುಂದಿನ ಶನಿವಾರಗಳಲ್ಲಿ ಒಮ್ಮೆ ಲೋಟಗಳು ಕಿಟಕಿಯ ಮೇಲೆ ಹೋದವು, ಒಮ್ಮೆ ನರ್ಸ್ ಕೈಗೆ. “ನನಗೆ ಟೀ ಬೇಡಮ್ಮ, ಸಕ್ಕರೆ ಕಾಯಿಲೆ” ಎಂದು ನರ್ಸ್ ಹಿಂದಕ್ಕೆ ಕೊಟ್ಟರು. ಸರ್ಜನ್ ಒಮ್ಮೆಯೂ ದನಿ ಏರಿಸಲಿಲ್ಲ, ಒಮ್ಮೆಯೂ ಒಪ್ಪಲಿಲ್ಲ. ಪ್ರತಿ ಸಲ ಮೊದಲಿಂದ ಶುರುಮಾಡಿಸುತ್ತಿದ್ದರು. ಆಕೆಯೂ ಒಂದು ವಾರ ತಪ್ಪಿಸಲಿಲ್ಲ.

ನವೆಂಬರ್‌ನಲ್ಲಿ ಒಂದು ಸಂಜೆ ನಾನು ಎಂದಿನಂತೆ ಅಲ್ಲಿಗೆ ಹೋದಾಗ ಆಟೋವೊಂದು ಒಳಗೆ ಬಂತು. ಹಳೇ ಮದ್ರಾಸ್ ರಸ್ತೆಯಲ್ಲಿ ಸ್ಕೂಟರ್‌ಗೆ ಟೆಂಪೊ ಗುದ್ದಿತ್ತು. ಗಾಯಾಳು ಹೊಸ ತಿಪ್ಪಸಂದ್ರದ ಕಾರ್ಖಾನೆ ನೌಕರ, ಪಾಳಿ ಮುಗಿಸಿ ಮನೆಗೆ ಹೊರಟಿದ್ದವನು. ಮೊಣಕಾಲ ಕೆಳಗೆ ಮೂಳೆ ಹೊರಗೆ ಕಾಣುತ್ತಿತ್ತು. ಜೊತೆಯಲ್ಲಿ ಬಂದಿದ್ದ ಸ್ನೇಹಿತ, “ಕಾಲು ನೋಡಿ ಮೇಡಂ, ಮೊದ್ಲು ಕಾಲು ನೋಡಿ” ಎಂದು ಬಡಬಡಿಸುತ್ತಿದ್ದ.

ಪಾಳಿಯಲ್ಲಿ ಇದ್ದವರು ಆಕೆ, ಆ ಮೊದಲ ವರ್ಷದ ಹುಡುಗ ಮತ್ತು ಹಿರಿಯ ನರ್ಸ್. ಸರ್ಜನ್ ಗಲಾಟೆ ಕೇಳಿ ಬಂದರು; ಆದರೆ ಒಳಗೆ ಹೋಗದೆ ನನ್ನ ಪಕ್ಕದಲ್ಲಿ, ಪರದೆಯ ಈಚೆ, ಅದರ ಸಂದಿಯಿಂದ ನೋಡುತ್ತಾ ನಿಂತರು. ಆಕೆಗೆ ಅದು ಗೊತ್ತಿರಲಿಲ್ಲ.

ಗಾಯಾಳುವಿನ ಕಾಲಿನಿಂದ ಬಿಚ್ಚಿದ ಕಾರ್ಖಾನೆಯ ಬೂಟುಗಳು ಟ್ರಾಲಿಯ ಕೊನೆಯಲ್ಲಿದ್ದವು. ಆಕೆ ಅವನ್ನು ಎತ್ತಿ ಕೈಗೊಂದರಂತೆ ಹಿಡಿದುಕೊಂಡು ಕಾಲಿನ ಕಡೆ ನಿಂತರು.

“ಸಿಸ್ಟರ್, ಕಾಲು ನಿಮ್ಮದು, ಒತ್ತಿ ಹಿಡೀರಿ. ಏನ್ರೀ, ಯಾವೂರು ನಿಮ್ದು?”

“ಕೋಲಾರದ ಹತ್ರ ಮೇಡಂ... ಈಗ ಇಲ್ಲೇ... ತಿಪ್ಪಸಂದ್ರ.”

“ಮನೇಲಿ ಯಾರ್ಯಾರಿದೀರಿ?”

“ಹೆಂಡ್ತಿ... ಮಗು...”

“ಮಗು ಹೆಸರೇನು?”

ಅವನು ಬಾಯಿ ತೆರೆದ, ಹೆಸರು ಬರಲಿಲ್ಲ. ಆಕೆ ಹುಡುಗನಿಗೆ ಹೇಳಿದರು: “ಎದೆ ಕೇಳು. ಎರಡೂ ಕಡೆ.”

“ಬಲಗಡೆ ಗಾಳಿ ಹೋಗ್ತಿಲ್ಲ ಮೇಡಂ.”

“ಕತ್ತಲ್ಲಿ ಶ್ವಾಸನಾಳ?”

“ಎಡಕ್ಕೆ ಸರಿದಿದೆ.”

ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನೊಳಗೆ ಸಿಕ್ಕಿಕೊಂಡು ಹೃದಯವನ್ನು ಪಕ್ಕಕ್ಕೆ ಒತ್ತುತ್ತಿತ್ತು. ಸೂಜಿ ಚುಚ್ಚಿ ಗಾಳಿಯನ್ನು ಕೂಡಲೇ ಹೊರಬಿಡಬೇಕು. ಆಮೇಲೆ ಟ್ಯೂಬು. ಇದನ್ನು ಸರ್ಜನ್ ನನಗೆ ನಂತರ ವಿವರಿಸಿದರು. ಆ ಹೊತ್ತಿನಲ್ಲಿ ನಾನು ಕಂಡದ್ದು ಹುಡುಗನ ಕೈಯಲ್ಲಿ ನಡುಗುತ್ತಿದ್ದ ಸೂಜಿಯನ್ನು. ನನ್ನ ಪಕ್ಕದಲ್ಲಿ ಸರ್ಜನ್ ಒಂದು ಹೆಜ್ಜೆ ಮುಂದಿಟ್ಟು ನಿಂತರು. ಅವರ ಕೈ ಪರದೆಯನ್ನು ಮುದುಡಿ ಹಿಡಿದಿತ್ತು.

ಆಕೆ ಬೂಟು ಕೆಳಗಿಡಲಿಲ್ಲ.

“ನನ್ನ ನೋಡಬೇಡ, ಎದೆ ನೋಡು. ಕಾಲರ್ ಬೋನ್ ಮಧ್ಯದಿಂದ ಕೆಳಗೆ ಬಾ. ಮೂರನೇ ಪಕ್ಕೆಲುಬು ಸಿಕ್ತಾ?”

“ಸಿಕ್ತು.”

“ಅದರ ಮೇಲಂಚಿಗೆ ನೇರ ಹಾಕು. ನಿನ್ನ ಕೈಯಲ್ಲಿ ಆಗುತ್ತೆ, ಹಾಕು.”

ಸೂಜಿ ಒಳಗೆ ಹೋಯಿತು. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂಥ ಸದ್ದು ಪರದೆಯ ಈಚೆಗೂ ಕೇಳಿಸಿತು. ಆಮೇಲೆ ಹುಡುಗ ಎದೆಗೆ ಟ್ಯೂಬು ಹಾಕಿದ. ಪ್ರತಿ ಹಂತವನ್ನೂ ಆಕೆ ಹೇಳುತ್ತಾ ಹೋದರು. ಗಾಯಾಳುವಿನ ತುಟಿಗೆ ಬಣ್ಣ ಮರಳಿತು. ಅವನು ಮಗುವಿನ ಹೆಸರು ಹೇಳಿದ. ಕೇಳಿ ಆಗಲೇ ಬಹಳ ಹೊತ್ತಾಗಿತ್ತು.

ಅವನನ್ನು ಆಪರೇಷನ್ ಥಿಯೇಟರ್‌ಗೆ ತಳ್ಳಿಕೊಂಡು ಹೋದ ಮೇಲೆ ಸರ್ಜನ್ ಒಳಗೆ ಹೋದರು.

“ಬೂಟು ಕೆಳಗಿಡಮ್ಮಾ,” ಎಂದರು. “ಭಾರ ಇರುತ್ತೆ.”

ಆಕೆ ಆಗ ತಮ್ಮ ಕೈ ನೋಡಿಕೊಂಡರು. “ಇನ್ನೂ ಬೂಟು ಹಿಡಿದಿರೋದು ನಿಮಗೆ ಗೊತ್ತೇ ಆಗ್ಲಿಲ್ವಾ ಮೇಡಂ? ನಾನು ನಗು ತಡ್ಕೊಂಡಿದ್ದು ಹೇಗೋ” ಎಂದ ಹುಡುಗ. “ನೀನು ನಡುಗ್ತಾ ಇದ್ದೆ ಮಗಾ, ನಗು ಎಲ್ಲಿಂದ ಬಂತು?” ಎಂದರು ನರ್ಸ್.

ಮರುವಾರದ ಡ್ಯೂಟಿ ಬೋರ್ಡಿನಲ್ಲಿ ತುರ್ತು ವಿಭಾಗದ ಎದುರು ಆಕೆಯ ಹೆಸರೊಂದೇ ಇತ್ತು. ಅದನ್ನು ಸರ್ಜನ್ ತಾವೇ ಸೀಮೆಸುಣ್ಣ ಹಿಡಿದು ಬರೆದಿದ್ದರು. ನೌಕರನ ಕಾಲು ಉಳಿಯಿತು. ಸ್ವಲ್ಪ ಕುಂಟುತ್ತಾ ಕೆಲಸಕ್ಕೆ ಮರಳಿದ. ಅಪಘಾತದ ಸುದ್ದಿ ನಮ್ಮ ಪತ್ರಿಕೆಯಲ್ಲಿ ಬರಲಿಲ್ಲ. ಸಾವಿಲ್ಲದ ಅಪಘಾತಕ್ಕೆ ಆ ದಿನ ಜಾಗವಿರಲಿಲ್ಲ.

ಸರ್ಜನ್ ನಿವೃತ್ತರಾದರು. ಕಾಕ್ಸ್ ಟೌನಿನ ಆ ಆಸ್ಪತ್ರೆ ಮುಚ್ಚಿ ಅಲ್ಲಿ ಫ್ಲ್ಯಾಟುಗಳು ಎದ್ದವು. 2008ರಲ್ಲಿ ನಾನು ಕೊನೆಯ ಬಾರಿ ವಿಚಾರಿಸಿದಾಗ ಆಕೆ ಮಾರತ್ತಹಳ್ಳಿ ಕಡೆಯ ಆಸ್ಪತ್ರೆಯೊಂದರಲ್ಲಿ ಕಿರಿಯರಿಗೆ ಶನಿವಾರದ ಪಾಠ ಮಾಡುತ್ತಿದ್ದರು. ಮಲಗಲು ರಬ್ಬರಿನ ಗೊಂಬೆ ಬಂದಿತ್ತು. ಟೀ ಮೆಷಿನ್ನಿನದು, ಕಾಗದದ ಲೋಟದಲ್ಲಿ. ಮುಚ್ಚಳ ಹಾಕಿಕೊಳ್ಳಲು ಆಕೆ ಯಾರಿಗೂ ಬಿಡುತ್ತಿರಲಿಲ್ಲ.