ನೋಡದೆ ಬರೆದ ದ್ವಿತೀಯಾರ್ಧ

ಕಳೆದ ವರ್ಷ ಯುಗಾದಿ ಮುಗಿದ ಮೇಲಿನ ಒಂದು ಭಾನುವಾರ. ಚೆನ್ನೈನ ಕನ್ನಡ ಸಂಘವೊಂದು ಬೆಳಿಗ್ಗೆ ಹತ್ತಕ್ಕೆ ‘ಸುಣ್ಣದ ಗೋಡೆ’ ಸಿನಿಮಾದ ಪ್ರದರ್ಶನ ಇಟ್ಟುಕೊಂಡಿತ್ತು. ಚಿತ್ರ ಶುರುವಾಗುವ ಮೊದಲು ಹತ್ತು ನಿಮಿಷ ಮಾತನಾಡಲು ನನ್ನನ್ನು ಕರೆದಿದ್ದರು. ಸುಮಾರು ಮೂವತ್ತು ವರ್ಷಗಳ ಹಿಂದೆ, ಆ ಚಿತ್ರ ಬಿಡುಗಡೆಯಾಗುವ ಮುನ್ನವೇ ಅದರ ವಿಮರ್ಶೆ ಬರೆದವನು ನಾನು. ಆಗ ಒಂದು ಕನ್ನಡ ದಿನಪತ್ರಿಕೆಗೆ ಮದರಾಸಿನ ವರದಿಗಾರನಾಗಿದ್ದೆ.

ಸಂಘದ ಕಾರ್ಯದರ್ಶಿ ಭಟ್ಟರು ಗಿಂಡಿಯಲ್ಲಿ ಹೋಟೆಲ್ ನಡೆಸುವವರು. ಫೋನಿನಲ್ಲೇ ಕಾಲೆಳೆದರು: “ಅವತ್ತು ಬೈದದ್ದು ನೀವೇ ಅಲ್ವಾ? ಈಗ ಹೊಗಳ್ಲಿಕ್ಕೂ ನೀವೇ ಬರ್ಬೇಕು. ಸಾಂಬಾರು ಸರಿ ಇಲ್ಲ ಅಂತ ಹೇಳಿ ಎರಡು ಸಲ ಹಾಕಿಸ್ಕೊಳ್ಳುವ ಗಿರಾಕಿ ಉಂಟು ಮಾರಾಯ್ರೆ, ನಿಮ್ಮ ಹಾಗೇ!” ನಾನೂ ನಕ್ಕೆ.

ಬಿಡುಗಡೆಯಾದಾಗ ಆ ಚಿತ್ರ ಒಂದು ವಾರವೂ ಓಡಲಿಲ್ಲ. ವರ್ಷಗಳ ನಂತರ ಟಿ.ವಿ.ಯಲ್ಲಿ ಬಂತು, ಆಮೇಲೆ ಮೊಬೈಲಿಗೆ ಬಂತು. ಬಿಡುಗಡೆಯ ಕಾಲಕ್ಕೆ ಹುಟ್ಟಿರದ ಹುಡುಗರೂ ಈಗ ಅದರ ಮಾತುಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ಎಲ್ಲರೂ ಮೆಚ್ಚುವ ಒಂದು ಜಾಗವಿದೆ. ಅಕ್ಕನಿಗೆ ಮೋಸ ಮಾಡಿದ ತಮ್ಮ ಬಹಳ ವರ್ಷಗಳ ಮೇಲೆ ಕ್ಷಮೆ ಕೇಳಲು ಅವಳ ಮನೆಗೆ ಹೋಗುತ್ತಾನೆ. ಬಾಗಿಲು ತಟ್ಟುತ್ತಾನೆ. ಗಾಜಿನ ಬಳೆ ತೊಟ್ಟ ಒಂದು ಕೈ ಬಾಗಿಲು ತೆರೆಯುತ್ತದೆ. ಮರುಕ್ಷಣ ಅವನು ಬಸ್ಸಿನಲ್ಲಿ ವಾಪಸಾಗುತ್ತಿರುತ್ತಾನೆ. ಅಕ್ಕ ಏನೆಂದಳು, ಕ್ಷಮಿಸಿದಳೇ ಇಲ್ಲವೇ, ಚಿತ್ರ ಹೇಳುವುದಿಲ್ಲ.

ಸಂಘದ ಪ್ರದರ್ಶನದಲ್ಲೂ ಆ ಜಾಗದಲ್ಲಿ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಪಕ್ಕದವನಿಗೆ, “ತೋರಿಸ್ದೇ ಬಿಟ್ಟಿದಾರಲ್ಲ, ಅದು ಕಣೋ ಡೈರೆಕ್ಷನ್!” ಎಂದ. ನನ್ನ ಪಕ್ಕ ಕೂತಿದ್ದ ಮಹಿಳೆ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಸಿನಿಮಾ ಮುಗಿದ ಮೇಲೆ ಕಾಫಿಯ ಹೊತ್ತಿಗೆ ಅವರೇ ಮಾತನಾಡಿಸಿದರು. ಹೆಸರು ಸುಮತಿ. ವೆಸ್ಟ್ ಮಾಂಬಲಂನಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಚಿತ್ರದ ನಿರ್ದೇಶಕರ ಮಗಳು. ತಂದೆ ತೀರಿಕೊಂಡು ಒಂದು ವರ್ಷವಾಗಿತ್ತು.

“ಅಂಕಲ್, ನಿಮ್ಮನ್ನ ನೋಡೋಕೇ ಬಂದೆ. ಆ ಬಾಗ್ಲು ತೆಗೆಯೋ ಕೈ ಇದೆಯಲ್ಲ, ಅದು ನಮ್ಮಮ್ಮಂದು” ಎಂದರು. “ನಂಗೆ ಎರಡು ವರ್ಷ ಇರುವಾಗ್ಲೇ ಅವರು ಹೋಗ್ಬಿಟ್ರು. ಫೋಟೋ ಇದೆ. ಆದ್ರೆ ವಾಯ್ಸ್ ಹೇಗಿತ್ತು ಅಂತ ಗೊತ್ತೇ ಇಲ್ಲ.”

ಬಾಗಿಲಿನಿಂದ ನೇರ ಬಸ್ಸಿಗೆ ಹಾರುವ ಆ ಜಿಗಿತದ ನಿಜವನ್ನು ಅವರು ಹೇಳಿದ್ದು ಆಮೇಲೆ. ಮೊದಲು ಅಕ್ಕನ ಮನೆಯ ಪ್ರಸಂಗ ಇಪ್ಪತ್ತು ನಿಮಿಷ ಇತ್ತು. ಅಕ್ಕನ ಪಾತ್ರ ಅವರ ತಾಯಿ ಶಾರದಾ ಅವರದು. ಬೇರೆಯವರಿಂದ ಡಬ್ಬಿಂಗ್ ಮಾಡಿಸದೆ ಸ್ವಂತ ದನಿಯಲ್ಲೇ ಮಾತನಾಡಿದ್ದರು. ನನ್ನ ವಿಮರ್ಶೆ ಅಚ್ಚಾದ ದಿನ ವಿತರಕರು ಪತ್ರಿಕೆ ಹಿಡಿದುಕೊಂಡು ಬಂದರು. ಆ ಪ್ರಸಂಗ ಕತ್ತರಿಸದಿದ್ದರೆ ಚಿತ್ರವನ್ನು ಹಂಚಿಕೆಗೆ ತೆಗೆದುಕೊಳ್ಳುವುದಿಲ್ಲ ಎಂದು ಪಟ್ಟು ಹಿಡಿದರು. ನಿರ್ದೇಶಕರು ಕತ್ತರಿಸಿದರು. ಕತ್ತರಿಸಿದ ರೀಲು ಲ್ಯಾಬಿನಲ್ಲೇ ಎಲ್ಲೋ ಹೋಯಿತು.

“ನಾನು ಬ್ಲೇಮ್ ಮಾಡ್ತಿಲ್ಲ ಅಂಕಲ್. ನೀವು ನೋಡಿದ್ರಿ, ಅನ್ಸಿದ್ದನ್ನ ಬರೆದ್ರಿ” ಎಂದರು ಸುಮತಿ. “ಎಡಿಟರೂ ತಮ್ಮನ ಪಾರ್ಟ್ ಮಾಡಿದೋರೂ ತೀರಿಹೋದ್ರು. ಕ್ಯಾಮೆರಾಮನ್‌ಗೆ ಈಗ ಮನೆಯೋರ ಗುರುತೇ ಸಿಗಲ್ಲ. ಅಪ್ಪನ್ನ ಕೇಳಿದಾಗೆಲ್ಲ ಎದ್ದು ಹೋಗ್ಬಿಡೋರು. ಪೂರ್ತಿ ನೋಡಿದೋರು ಅಂತ ನಂಗೆ ಸಿಕ್ಕಿರೋದು ನೀವೊಬ್ರೇ. ಅಮ್ಮ ಹೇಗೆ ಮಾತಾಡ್ತಾರೆ ಅದ್ರಲ್ಲಿ? ಒಂದೇ ಒಂದು ಮಾತು ನೆನಪಿದ್ರೂ ಸಾಕು.”

ಹಾಗೆಂದು ಫೋನನ್ನು ಮೇಜಿನ ಮೇಲಿಟ್ಟು ರೆಕಾರ್ಡ್ ಒತ್ತಿದರು.

ಪತ್ರಕರ್ತರಿಗಾಗಿ ಇಟ್ಟಿದ್ದ ಆ ಪ್ರಿವ್ಯೂ ನನಗೆ ಚೆನ್ನಾಗಿ ನೆನಪಿದೆ. ವಡಪಳನಿಯ ಒಂದು ಚಿಕ್ಕ ಥಿಯೇಟರ್, ಹತ್ತು-ಹನ್ನೆರಡು ಜನ. ಬಂದವರಿಗೆ ಕಥೆಯ ಸಾರಾಂಶದ ಒಂದು ಹಾಳೆ ಕೊಡುತ್ತಿದ್ದರು. ಪತ್ರಿಕೆಯ ಪುಟ ಮುಗಿಯುವ ಮೊದಲು ಬರಹ ಕಳಿಸುವ ಅವಸರವಿದ್ದಾಗ ಇಂಟರ್ವಲ್‌ನಲ್ಲಿ ಎದ್ದು ಹೋಗಿ, ಉಳಿದದ್ದನ್ನು ಆ ಹಾಳೆ ನೋಡಿ ಬರೆಯುವುದು ನಮ್ಮಲ್ಲಿ ಕೆಲವರ ರೂಢಿಯಾಗಿತ್ತು. ಅಂದು ನಾನೂ ಎದ್ದೆ. ಬಾಗಿಲಲ್ಲಿ ನಿಂತಿದ್ದ ನಿರ್ದೇಶಕರು, “ಕೂತ್ಕೊಳ್ಳಿ ಸಾರ್, ಸಿನಿಮಾ ಇರೋದೇ ಇನ್ನು ಮುಂದೆ” ಎಂದರು. ಕಾಫಿ ಕುಡಿದು ಬರುತ್ತೇನೆಂದು ಹೇಳಿ ಆಫೀಸಿಗೆ ಹೋದೆ. ಹಾಳೆಯಲ್ಲಿದ್ದದ್ದು ಇಷ್ಟೆ: ತಮ್ಮ ಅಕ್ಕನ ಮನೆಗೆ ಹೋಗುತ್ತಾನೆ, ಮುಂದಿನದನ್ನು ತೆರೆಯ ಮೇಲೆ ನೋಡಿ. ಮೊದಲರ್ಧ ನಿಧಾನವಾಗಿತ್ತು, ಎರಡನೆಯದೂ ಹಾಗೇ ಇರಬೇಕು ಎಂದುಕೊಂಡೆ. “ದ್ವಿತೀಯಾರ್ಧ, ಅದರಲ್ಲೂ ಅಕ್ಕನ ಮನೆಯ ಪ್ರಸಂಗ, ಅನಗತ್ಯವಾಗಿ ಹಿಗ್ಗಿದೆ” ಎಂದು ಬರೆದು ಫ್ಯಾಕ್ಸ್ ಮಾಡಿದೆ. ಇಬ್ಬರನ್ನು ಕೇಳದೆ ಒಂದು ಸಣ್ಣ ರಸ್ತೆ ಅಪಘಾತದ ಸುದ್ದಿಯನ್ನೂ ಕಳಿಸದವನು ನಾನು. ಸಿನಿಮಾ ತಾನೆ ಎಂಬ ಸಸಾರ.

ಸುಮತಿ ಕಾಯುತ್ತಿದ್ದರು. ಒಂದು ಮಾತು ಕಟ್ಟಿ ಹೇಳಿಬಿಡಬಹುದಿತ್ತು. ತಮ್ಮನನ್ನು ಕಂಡ ಅಕ್ಕ ಏನೆನ್ನುತ್ತಾಳೆ ಎಂದು ಊಹಿಸುವುದು ಕಷ್ಟವಲ್ಲ. ಅವರು ನಂಬುತ್ತಿದ್ದರು, ಬಹುಶಃ ಸಂತೋಷವನ್ನೂ ಪಡುತ್ತಿದ್ದರು. ಆ ಯೋಚನೆ ಬಂದದ್ದು ನಿಜ.

“ನಾನು ನೋಡಿಲ್ಲಮ್ಮ. ಇಂಟರ್ವಲ್‌ಗೆ ಎದ್ದು ಹೋದೆ” ಎಂದೆ.

“ಅಲ್ಲ ಅಂಕಲ್, ಅಮ್ಮನ ಸೀನ್ ಜಾಸ್ತಿ ಆಯ್ತು ಅಂತ ಬರೆದಿದ್ದೀರಲ್ಲ?”

“ನೋಡದೇ ಬರೆದೆ.”

ಅವರು ರೆಕಾರ್ಡ್ ನಿಲ್ಲಿಸಿದರು. ಆಚೆ ಭಟ್ಟರು ಎಲ್ಲರಿಗೂ ಊಟಕ್ಕೆ ಏಳುವಂತೆ ಕೂಗಿ ಹೇಳುತ್ತಿದ್ದರು. ಸುಮತಿ ಫೋನನ್ನು ಬ್ಯಾಗಿಗೆ ಹಾಕಿಕೊಂಡು, “ಅಪ್ಪನಿಗೆ ಇದು ಗೊತ್ತಿತ್ತಾ?” ಎಂದು ಕೇಳಿದರು.

“ಗೊತ್ತಿತ್ತು. ಬಾಗಿಲಲ್ಲೇ ನಿಂತಿದ್ದರು.”

“ಹೇಳಲೇ ಇಲ್ಲ ನೋಡಿ” ಎಂದರು. ಬ್ಯಾಗನ್ನು ಹೆಗಲಿಗೇರಿಸಿಕೊಂಡು, “ಪರವಾಯಿಲ್ಲ ಅಂಕಲ್” ಎಂದರು. ತಮಿಳಿನಲ್ಲಿ ಎಲ್ಲರೂ ದಿನಕ್ಕೆ ಹತ್ತು ಸಲ ಹೇಳುವ ಮಾತು. ಊಟಕ್ಕೆ ನಿಲ್ಲದೆ ಹೊರಟುಹೋದರು.

ಅಂದು ಪೂರ್ತಿ ನೋಡಿದ್ದರೂ ಮೂವತ್ತು ವರ್ಷಗಳ ನಂತರ ಶಾರದಾ ಅವರ ಒಂದು ಮಾತು ನನಗೆ ನೆನಪಿರುತ್ತಿತ್ತು ಎಂದು ಹೇಳಲಾರೆ. ಆದರೆ ನೆನಪಿಡುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ; ಆ ದನಿ ಚಿತ್ರದಲ್ಲೇ ಉಳಿದಿರುತ್ತಿತ್ತು. ನಾನು ಬರೆದ ವಾಕ್ಯ ಇಂದಿಗೂ ಪತ್ರಿಕೆಯ ಹಳೆಯ ಸಂಚಿಕೆಯಲ್ಲಿದೆ, ಯಾರು ಬೇಕಾದರೂ ತೆಗೆದು ಓದಬಹುದು. ಶಾರದಾ ಅವರು ಆಡಿದ ಮಾತು ಎಲ್ಲೂ ಇಲ್ಲ.