ತನುಜಾಳ ಕೊರಳಿನ ಕೊಳವೆ

ಶೀಲಾಳ ಬಾಯಿಗೆ ಹೊಂಗಡಹಳ್ಳದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಕೂಡ ಹೆದರುತ್ತಾನೆ. ಹೆದರಲಿ ಬಿಡಿ. ಎರಡು ವರ್ಷದಿಂದ ಅವಳು ಪಟ್ಟ ಪಾಡು ಕಂಡವರು ಯಾರೂ ಅವಳನ್ನು ಸಿಡುಕಿ ಎನ್ನಲಾರರು. ಮಗಳು ತನುಜಾ ದಿನ ತುಂಬುವ ಮೊದಲೇ ಹುಟ್ಟಿದ್ದಳು. ತಿಂಗಳುಗಟ್ಟಲೆ ಯಂತ್ರದ ಉಸಿರಿನಲ್ಲಿದ್ದು ಶ್ವಾಸನಾಳವೇ ಕಿರಿದಾಗಿಬಿಟ್ಟಿತು. ಡಾಕ್ಟರು ಗಂಟಲ ಕೆಳಗೆ ತೂತು ಮಾಡಿ ಸಣ್ಣ ಕೊಳವೆ ಕೂರಿಸಿದರು. ಮಗುವಿನ ಉಸಿರೆಲ್ಲ ಅದರಲ್ಲೇ. ಶ್ವಾಸನಾಳ ಅಗಲಿಸುವ ದೊಡ್ಡ ಆಪರೇಷನ್ನಿಗೆ ಮಗು ಇನ್ನೂ ಮೈ ತುಂಬಬೇಕಂತೆ. ಕಫ ಎಳೆಯುವುದು, ಕೊಳವೆ ಬದಲಿಸುವುದು ಎಲ್ಲ ಶೀಲಾ ಕಲಿತಳು. ಮನೆಯಲ್ಲಿ ಇನ್ಯಾರಿಗೂ ಮುಟ್ಟಗೊಡಲಿಲ್ಲ.

ಆ ಅಮಾವಾಸ್ಯೆಯ ಮಧ್ಯಾಹ್ನ ಅವಳು ತೋಟದ ಕೆಲಸದಿಂದ ಊಟಕ್ಕೆಂದು ಆಳುಗಳ ಸಾಲಿನ ಲೈನ್ ಮನೆಗೆ ಬಂದಾಗ ಅತ್ತೆ ಭೂತಮ್ಮ ಮಗುವಿಗೆ ದೃಷ್ಟಿ ತೆಗೆಯುತ್ತಿದ್ದಳು. ಕೊಳವೆಯನ್ನು ಕೊರಳಿಗೆ ಬಿಗಿದಿದ್ದ ಬಿಳಿ ಪಟ್ಟಿ ಬಿಚ್ಚಿ, ದೇವರ ಮುಂದಿಟ್ಟು ತಂದ ಕರಿದಾರ ಕಟ್ಟಿದ್ದಳು. ನೋವಾಗದಿರಲೆಂದು ಸಡಿಲವಾಗಿ ಬೇರೆ! ತನುಜಾ ಒಮ್ಮೆ ಕೆಮ್ಮಿದಳು, ಕೊಳವೆ ಈಚೆ ಬಂದುಬಿಟ್ಟಿತು.

ಮಗು ಬಾಯಿ ತೆರೆದು ಅತ್ತಿತು, ಸದ್ದೇ ಇಲ್ಲ. ತುಟಿ ನೀಲಿಗಟ್ಟಿತು. ಸಕಲೇಶಪುರದ ಆಸ್ಪತ್ರೆಗೆ ಗಂಟೆಯ ದಾರಿ. ಶೀಲಾ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ಹೆಗಲಡಿಗೆ ಟವೆಲ್ ಸುತ್ತಿಟ್ಟು, ಡಬ್ಬಿಯಲ್ಲಿದ್ದ ಇನ್ನೊಂದು ಕೊಳವೆ ತೆಗೆದಳು. ಮೊದಲ ಸಲ ಒಳಹೋಗಲಿಲ್ಲ. ಎರಡನೆಯ ಸಲ ಹೋಯಿತು. ಮಗು ಕೆಮ್ಮಿ ಉಸಿರೆಳೆಯಿತು.

ಪಟ್ಟಿ ಬಿಗಿದಾದ ಮೇಲೆ ಅವಳ ಸಿಟ್ಟು ನೆತ್ತಿಗೇರಿತು.

"ಕೊಂದೇ ಬುಡ್ತಿದ್ರಲ್ಲ ಅತ್ತೆ. ಯಾರು ಹೇಳಿದ್ರು ನಿಮ್ಗೆ ಬಿಚ್ಚಾಕೆ?"

ಭೂತಮ್ಮ ಗೋಡೆಗೊರಗಿ ಕುಸಿದಿದ್ದಳು. "ಕಣ್ಣು ತಾಗೈತೆ ಅಂತ ಕಟ್ದೆ ಕಣವ್ವ. ಕುತ್ಗೇಲಿ ಎರಡೆರಡು ದಾರ ಯಾಕೆ ಅಂತ ಅದ್ನ ಬಿಚ್ದೆ. ಅದು ಬಿಚ್ಚಿದ್ರೆ ಉಸ್ರೇ ನಿಂತೋಯ್ತದೆ ಅಂತ ಒಂದಿನಾನಾದ್ರೂ ಹೇಳಿದ್ಯಾ ನೀನು? ಮುಟ್ಬ್ಯಾಡಿ ಅಂದೆ, ಅಷ್ಟೇಯ."

ಶೀಲಾಳಿಗೆ ಮೈಯೆಲ್ಲ ಉರಿಯಿತು. ಆ ಮಾತು ನಿಜವಾಗಿದ್ದಕ್ಕೇ ಹೆಚ್ಚು ಉರಿಯಿತು. ದಿನಾ ಬೆಳಿಗ್ಗೆ ಮಗುವನ್ನು ಈ ಮುದುಕಿಯ ಕೈಯಲ್ಲೇ ಬಿಟ್ಟು ತೋಟಕ್ಕೆ ಹೋಗುತ್ತಿದ್ದವಳು ಅವಳೇ ತಾನೆ! ಅನ್ನ ಹಾಗೇ ಆರಿತು. ಇಬ್ಬರೂ ಉಣ್ಣಲಿಲ್ಲ.

ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ಸೋಪು ಹಾಕಿ ಅತ್ತೆಯ ಕೈ ತೊಳೆಸಿದಳು, ಮಗುವನ್ನು ಮಲಗಿಸಿ ಹೊಸ ಕೊಳವೆಯನ್ನು ಆ ಕೈಗಿಟ್ಟಳು.

"ಬ್ಯಾಡ ಕಣೆ, ಕೈ ನಡುಗ್ತೈತೆ."

"ನಡುಗ್ಲಿ. ನಿನ್ನೆ ನಂದೂ ನಡುಗ್ತಿತ್ತು," ಎಂದು ಸಿಡುಕಿ, ಶೀಲಾ ಅತ್ತೆಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಮಗುವಿನ ಕೊರಳ ಬಳಿಗೆ ತಂದಳು.